ತುದಿ ಸಾಹೇಬರ ಎರಡನೇ ಪಾಳಿ

ಪಕ್ಕದ ಶಾಲೆಯಲ್ಲಿ ಮಧ್ಯಾಹ್ನ ಎರಡರ ಗಂಟೆ ಬಾರಿಸಿದರೆ ಮಕ್ಕಳು ತರಗತಿಗೆ ಹೋಗುತ್ತಿದ್ದರು, ಗಿಣಿಯ ಅಪ್ಪ ಕೆಲಸಕ್ಕೆ ಹೋಗುತ್ತಿದ್ದರು. ಮಕ್ಕಳು ಅಳುಮೋರೆ ಹಾಕಿಕೊಂಡು ಹೋಗುತ್ತಿದ್ದರು. ಅಪ್ಪನಿಗೆ ಆ ರಗಳೆಯಿಲ್ಲ. ಮಂಚದಿಂದೆದ್ದು, ಅಂಗಿಯ ಗುಂಡಿಗಳನ್ನು ಕುತ್ತಿಗೆಯವರೆಗೂ ಹಾಕಿ, ಕಿವಿಯ ಮೇಲೊಂದು ಪೆನ್ಸಿಲ್ ಸಿಕ್ಕಿಸಿ, ಹನ್ನೊಂದು ಹೆಜ್ಜೆ ನಡೆದರೆ ಕಾರ್ಖಾನೆ. ಬೇರೆಯವರ ಕಣ್ಣಿಗೆ ಅದು ನಡುಕೋಣೆಯ ಊಟದ ಮೇಜು. ಅದರ ಮೇಲೆ ಮಗಳು ಬೆಳಗಿನಿಂದ ಬೆನ್ನು ಬಗ್ಗಿಸಿ ಕಟ್ಟಿಟ್ಟ ಸೋಪಿನ ಪೆಟ್ಟಿಗೆಗಳು ಸಾಲಾಗಿ ಕೂತಿರುತ್ತಿದ್ದವು. ಒಂದೊಂದಕ್ಕೂ ತಿಳಿಗುಲಾಬಿ ರಿಬ್ಬನ್ನಿನ ಹೂಗಂಟು, ಹೂಗಂಟಿನ ಕೆಳಗೆ ಸೆಣಬಿನ ದಾರದಲ್ಲಿ ನೇತಾಡುವ ಹೆಸರುಚೀಟಿ. ಅಪ್ಪ ಕುರ್ಚಿ ಎಳೆದು ಕೂತು, ಮೊದಲ ಪೆಟ್ಟಿಗೆಯನ್ನು ಹತ್ತಿರಕ್ಕೆ ಸರಿಸಿ, ರಿಬ್ಬನ್ನಿನ ತುದಿಯನ್ನು ಎರಡು ಬೆರಳ ನಡುವೆ ಹಿಡಿದು ಉಗುರಿನಿಂದ ಒಂದೊಂದೇ ಎಳೆ ಬಿಡಿಸತೊಡಗುತ್ತಿದ್ದರು. ನಾಲ್ಕರ ಗಂಟೆಯ ಹೊತ್ತಿಗೆ ಮೇಜಿನ ಮೇಲೆ ಮೂವತ್ತು ಪೆಟ್ಟಿಗೆ, ಮೂವತ್ತಕ್ಕೂ ಗಡ್ಡ.

ಅಪ್ಪ ಮೂವತ್ತೊಂದು ವರ್ಷ ಹಗ್ಗದ ಕಾರ್ಖಾನೆಯಲ್ಲಿ ದುಡಿದವರು. ಹಗ್ಗ ಹೊಸೆಯಲಿಲ್ಲ, ಹೊರಲಿಲ್ಲ, ಮಾರಲಿಲ್ಲ. ತುದಿ ನೋಡಿದರು. ಪ್ರತಿ ಸುರುಳಿಯ ತುದಿಯನ್ನು ಒಂದು ಗೇಣು ಬಿಚ್ಚಿ, ಮೂರು ಹುರಿಗಳನ್ನು ಬೇರೆ ಮಾಡಿ, ಒಳಗಿನ ಎಳೆಗಳನ್ನು ಎಣಿಸಿ, ಮೂಸಿ, ಕೊಳೆತದ್ದೋ ಕಲಬೆರಕೆಯೋ ಕಂಡರೆ ಪಕ್ಕಕ್ಕೆಸೆಯಬೇಕು. ಸರಿಯಿದ್ದರೆ ಮತ್ತೆ ಹೊಸೆದು, ಮೇಣ ಹಚ್ಚಿದ ನೂಲಿನಿಂದ ತುದಿಯನ್ನು ಬಿಗಿಯಾಗಿ ಸುತ್ತಿ, ಚೀಟಿ ಕಟ್ಟಿ, ಚೀಟಿಯ ಮೇಲೆ ನೇರಳೆ ಮುದ್ರೆ ಒತ್ತಬೇಕು: ಪಾಸ್, ೧೭. ಹದಿನೇಳು ಅಪ್ಪನ ನಂಬರು. ಆ ಮುದ್ರೆಯನ್ನು ನಂಬಿ ಜನ ಎತ್ತರದ ಕಟ್ಟಡಗಳ ಹೊರಗೋಡೆಗೆ ನೇತುಬಿದ್ದು ಬಣ್ಣ ಬಳಿಯುತ್ತಿದ್ದರು, ಬಾವಿಗಿಳಿದು ಹೂಳೆತ್ತುತ್ತಿದ್ದರು. ಕಾರ್ಖಾನೆಯಲ್ಲಿ ಅಪ್ಪನಿಗೆ ‘ತುದಿ ಸಾಹೇಬರು’ ಎಂದೇ ಹೆಸರು. ಕೆಲಸ ಹಗ್ಗದ ತುದಿಯಲ್ಲಿ, ಕೋಪ ಮೂಗಿನ ತುದಿಯಲ್ಲಿ ಎಂದು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರಂತೆ. ಕೋಪ ಬರುತ್ತಿದ್ದದ್ದು ಮಾತ್ರ ಒಂದೇ ಮಾತಿಗೆ. ಯಾರಾದರೂ ಸುರುಳಿ ತಂದಿಟ್ಟು “ಸರಿ ಇರುತ್ತೆ ಬಿಡಿ ಸಾಹೇಬ್ರೆ” ಅಂದರೋ, ಅವತ್ತು ಆ ಪುಣ್ಯಾತ್ಮನ ಸುರುಳಿಗೆ ಎರಡೂ ತುದಿ ತಪಾಸಣೆ. ಮನೆಯಲ್ಲೂ ಇದೇ ಕಾನೂನು. ಬಾಗಿಲಿಗೆ ಚಿಲಕ ಹಾಕಿದೆಯೋ, ಹಾಲು ಒಡೆದಿದೆಯೋ, ಭಾಗಾಕಾರದ ಶೇಷ ಎಷ್ಟೋ, ಯಾವುದಕ್ಕೂ ಸರಿ ಇರುತ್ತೆ ಎನ್ನುವ ಹಾಗಿಲ್ಲ. ಹೋಗಿ ನೋಡಿ ಬಂದು ಹೇಳಬೇಕು.

ಕಾರ್ಖಾನೆ ಮುಚ್ಚಿ ಕಾಲವಾಯಿತು. ಈಗ ಅಲ್ಲಿ ಕಾರು ನಿಲ್ಲಿಸುತ್ತಾರೆ. ಅಪ್ಪನ ತಲೆಯೊಳಗೆ ಮಾತ್ರ ಅದು ಎರಡು ವರ್ಷದ ಹಿಂದೆ ಮತ್ತೆ ತೆರೆದುಕೊಂಡಿತು, ಅದೂ ಎರಡನೇ ಪಾಳಿಗೆ ಮಾತ್ರ. ಬೆಳಗ್ಗೆ ಅವರು ಅಪ್ಪನೇ. ಮಗಳನ್ನು ಗಿಣಿ ಎಂದೇ ಕರೆದು, ಕಾಫಿಗೆ ಸಕ್ಕರೆ ಸಾಲದು ಎಂದು ತಗಾದೆ ತೆಗೆಯುತ್ತಿದ್ದರು. ಎರಡು ಹೊಡೆದ ಮೇಲೆ ಅವಳು ಕಾರ್ಖಾನೆಯ ಉಗ್ರಾಣ ನೋಡಿಕೊಳ್ಳುವ ಹೆಂಗಸು, ‘ಸ್ಟೋರಿನಮ್ಮ’. ಮಾತೆಲ್ಲ ಬಹುವಚನದಲ್ಲಿ, ಬಹು ಮರ್ಯಾದೆಯಲ್ಲಿ. ಹುಟ್ಟಿದಾಗಿನಿಂದ ಏಕವಚನದಲ್ಲೇ ಮುದ್ದಿಸಿಕೊಂಡ ಗಿಣಿಗೆ ಆ ಮರ್ಯಾದೆ ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತಿತ್ತು.

ಗಿಣಿ ಎಂಬ ಹೆಸರನ್ನು ಇಟ್ಟವರೂ ಅಪ್ಪನೇ. ಕೇಳಿದ ದನಿಯನ್ನೆಲ್ಲ ಅವಳು ಹಾಗೆ ಹಾಗೆಯೇ ಒಪ್ಪಿಸುತ್ತಿದ್ದಳು. ಒಂಬತ್ತು ವರ್ಷದವಳಿದ್ದಾಗ ಅಪ್ಪನ ಜೊತೆ ಕಾರ್ಖಾನೆಗೆ ಹೋಗಿ ಬಂದು, ಸದಾ ಶೀತವಾಗಿರುತ್ತಿದ್ದ ಮ್ಯಾನೇಜರರ ದನಿಯನ್ನು ಮೂಗಿನಿಂದ ಎತ್ತಿ ಹೊರಡಿಸಿದ್ದಳು: “ವಿಷಯ ಏಡಪ್ಪಾ ಅಂದ್ರೆ…” ಅಪ್ಪ ಬಿಕ್ಕಳಿಕೆ ಬರುವಷ್ಟು ನಕ್ಕು, ದೊಡ್ಡವರ ಮೂಗನ್ನು ಆಡಿಕೊಳ್ಳಬಾರದು ಎಂದು ಬುದ್ಧಿ ಹೇಳಿ, ಆಮೇಲೆ ಇನ್ನೊಂದು ಸಲ ಮಾಡು ಎಂದಿದ್ದರು.

ಆ ಗಿಣಿಗೀಗ ನಲವತ್ತೆರಡು. ದೊಡ್ಡ ಅಂಗಡಿಯೊಂದರ ಉಡುಗೊರೆ ಕಟ್ಟುವ ಕಟ್ಟೆಯಲ್ಲಿ ಹನ್ನೆರಡು ವರ್ಷ ನಿಂತಿದ್ದವಳು. ಅಪ್ಪ ಒಂದು ಮಧ್ಯಾಹ್ನ ಕಾಣೆಯಾಗಿ, ಕಾರು ನಿಲ್ಲಿಸುವ ಜಾಗದ ಕಾವಲುಗಾರನಿಗೆ ತಾನು ತಡವಾದ ಕಾರಣ ವಿವರಿಸುತ್ತಾ ಸಿಕ್ಕ ಮೇಲೆ ಆ ಕೆಲಸ ಬಿಟ್ಟಳು. ಬೇರೆ ಊರಿನಲ್ಲಿದ್ದ ಅಕ್ಕ ಆಗಲೇ ಒಂದು ವೃದ್ಧಾಶ್ರಮ ನೋಡಿಟ್ಟಿದ್ದಳು. ತೋಟ ಇದೆ ಕಣೇ, ನರ್ಸ್ ಇದಾರೆ, ನೀನು ಎಷ್ಟು ದಿನ ಅಂತ ಮನೇಲಿ ಕೂತ್ಕೋತೀಯ ಎಂಬುದು ಅವಳ ದಿನದ ಫೋನು. ಗಿಣಿ ಹೋಗಿ ನೋಡಿಯೂ ಬಂದಿದ್ದಳು. ದೂರುವಂಥದ್ದೇನೂ ಇರಲಿಲ್ಲ. ನೆಲ ಹೊಳೆಯುತ್ತಿತ್ತು. ಹಾಸಿಗೆಯ ಹೊದಿಕೆಗಳ ಅಂಚನ್ನು ನಾಲ್ಕೂ ಕಡೆ ಒಳಕ್ಕೆ ಮಡಿಸಿ ಬಿಗಿದಿದ್ದರು, ಕಿಟಕಿಗೆ ಪರದೆಯಿರಲಿಲ್ಲ, ಟವೆಲುಗಳಿಗೆ ಜಾಲರಿಯಿರಲಿಲ್ಲ. ಇಡೀ ಕಟ್ಟಡದಲ್ಲಿ ಅಪ್ಪನ ಕೈಗೆ ಸಿಗುವಂಥ ಒಂದೇ ಒಂದು ತುದಿ ಇರಲಿಲ್ಲ. ಅವಳು ಬೇಡ ಎಂದದ್ದು ಅಷ್ಟಕ್ಕೇ. ಅದನ್ನು ಅಕ್ಕನಿಗೆ ಹೇಗೆ ಹೇಳುವುದೋ ತಿಳಿಯಲಿಲ್ಲ.

ಹಾಗಿರುವಾಗ ಈ ಸೋಪಿನ ಕೆಲಸ ಬಂತು. ಕೈಯಿಂದ ಸೋಪು ತಯಾರಿಸಿ ಮಾರುವ ಅಂಗಡಿಯೊಡತಿ, ಗಿಣಿ ಇಟ್ಟ ಹೆಸರು ಸೋಪಮ್ಮ, ಮುನ್ನೂರ ಅರವತ್ತು ಪೆಟ್ಟಿಗೆ ಕಟ್ಟಿಕೊಡಲು ಒಪ್ಪಿಸಿದ್ದಳು. ಮೂರು ವಾರ ಗಡುವು. ಮೆಚ್ಚಿಗೆಯಾದರೆ ವರ್ಷವಿಡೀ ಮನೆಯಲ್ಲೇ ಕೂತು ಮಾಡುವ ಕೆಲಸ. ಇಲ್ಲದಿದ್ದರೆ ಗಿಣಿ ಮತ್ತೆ ಅಂಗಡಿಯ ಕಟ್ಟೆಗೆ, ಅಪ್ಪ ತೋಟವಿರುವ ಮನೆಗೆ: ಅಕ್ಕನೊಂದಿಗೆ ಆದ ಒಪ್ಪಂದ ಅದು. ಸೋಪಮ್ಮನ ಷರತ್ತು ಒಂದೇ. ಸೋಪಿನಷ್ಟೇ ನುಣುಪಾದ ದನಿಯಲ್ಲಿ ಅವಳು ಹೇಳಿದ್ದಳು: “ನನ್ನ ಗಿರಾಕಿಗಳು ಮೊದಲು ನೋಡೋದು ಸೋಪ್ ಅಲ್ಲಮ್ಮಾ, ರಿಬ್ಬನ್ ತುದಿ. ಒಂದು ಎಳೆ ಎದ್ದಿದ್ರೂ ಡಬ್ಬಿ ವಾಪಸ್.”

ತುದಿಯ ವಿಚಾರ ಹುಟ್ಟಿನಿಂದ ಗೊತ್ತಿದ್ದವಳು ಗಿಣಿ. ಅವಳಿಗೆ ಅದೊಂದು ಷರತ್ತೇ ಅನ್ನಿಸಲಿಲ್ಲ. ರಿಬ್ಬನ್ನನ್ನು ಅಡ್ಡಲಾಗಿ ನೇರ ಕತ್ತರಿಸಿದರೆ ಎಳೆ ಬೇಗ ಬಿಡುತ್ತದೆ. ಓರೆಯಾಗಿ ಕತ್ತರಿಸಿದರೆ ಅಥವಾ ನಡುವೆ ಮಡಿಸಿ ಮೀನಿನ ಬಾಲದಂತೆ ಕತ್ತರಿಸಿದರೆ ಕೊಂಚ ತಡೆಯುತ್ತದೆ. ಅವಳು ಮೀನಿನ ಬಾಲ ಕತ್ತರಿಸಿದಳು. ಎರಡು ಹೊಡೆಯಿತು. ನಾಲ್ಕಕ್ಕೆ ಬಾಲಕ್ಕೆ ಗಡ್ಡ ಬಂದಿತ್ತು.

ಸರಿ, ಬೆಂಕಿ. ಮೇಣದಬತ್ತಿಯ ಜ್ವಾಲೆಯ ನೆತ್ತಿಗಲ್ಲ, ಬುಡದ ನೀಲಿಯ ಪಕ್ಕಕ್ಕೆ ತುದಿಯನ್ನು ಹಿಡಿದು, ಕಣ್ಣು ಮಿಟುಕಿಸುವಷ್ಟರಲ್ಲಿ ಎಳೆದುಕೊಳ್ಳಬೇಕು. ನೈಲಾನಿನಂಥ ರಿಬ್ಬನ್ ಕರಗಿ, ಅಂಚಿನುದ್ದಕ್ಕೂ ಕೂದಲೆಳೆಯಷ್ಟು ಗಟ್ಟಿ ಗೆರೆಯಾಗುತ್ತದೆ. ಒಂದು ಕ್ಷಣ ಹೆಚ್ಚಾದರೆ ಸುಕ್ಕು, ಇನ್ನೊಂದು ಕ್ಷಣ ಹೆಚ್ಚಾದರೆ ಕಪ್ಪು. ಎರಡು ಬೆರಳಿಗೆ ಬೊಬ್ಬೆ ಎದ್ದ ಮೇಲೆ ಅವಳಿಗೆ ಹದ ಸಿಕ್ಕಿತು. ಅದೇ ಹುರುಪಿನಲ್ಲಿ ಸೆಣಬಿನ ದಾರವನ್ನೂ ಹಿಡಿದಳು. ಸೆಣಬು ಕರಗುವ ಜಾತಿಯಲ್ಲ, ಭಗ್ಗೆಂದಿತು. ದಾರಕ್ಕೆ ಬೆಂಕಿಯಲ್ಲ, ಬಿಳಿ ಅಂಟು: ಸ್ವಲ್ಪ ನೀರು ಬೆರೆಸಿ, ತುದಿ ಅದ್ದಿ, ಬೆರಳಲ್ಲಿ ಹೊಸೆದು ಚೂಪು ಮಾಡಿ, ಬಟ್ಟೆ ಒಣಹಾಕುವ ಕ್ಲಿಪ್ಪಿಗೆ ತೂಗುಬಿಟ್ಟಳು. ಒಣಗಿದ ಮೇಲೆ ಸೂಜಿಯ ಹಾಗೆ ನಿಂತವು.

ಅವತ್ತು ಅಪ್ಪ ಮೊದಲ ರಿಬ್ಬನ್ನಿನ ತುದಿಯನ್ನು ಮುಟ್ಟಿ ತಟ್ಟನೆ ನಿಂತರು. ಉಗುರಿನಿಂದ ಕೆರೆದರು. ಹಲ್ಲಿನಿಂದ ಕಚ್ಚಿ ನೋಡಿದರು. ಆಮೇಲೆ ಮಗಳತ್ತ ತಿರುಗಿ, ತೀರಾ ಗುಟ್ಟಿನ ದನಿಯಲ್ಲಿ ಕೇಳಿದರು.

“ಸ್ಟೋರಿನಮ್ಮ, ಈ ಮಾಲು ಯಾರು ಕಳಿಸಿದ್ದು? ತುದಿ ಮುಚ್ಚಿ ಕಳಿಸಿದಾರೆ ಅಂದ್ರೆ ಒಳಗೆ ಏನೋ ಮುಚ್ಚಿಟ್ಟಿದಾರೆ.”

ಹಿಂದೊಮ್ಮೆ ಯಾವನೋ ವ್ಯಾಪಾರಿ ಕೊಳೆತ ಹಗ್ಗದ ತುದಿಗಳನ್ನು ಡಾಂಬರಿನಲ್ಲಿ ಅದ್ದಿ ಕಳಿಸಿದ್ದನಂತೆ. ಅಂದಿನಿಂದ ಕಾರ್ಖಾನೆಯಲ್ಲಿ ನಿಯಮವಾಯಿತು: ಮುಚ್ಚಿದ ತುದಿ ಕಂಡರೆ ಕಚ್ಚಿ ತೆಗೆದು, ಒಂದು ಗೇಣಲ್ಲ, ಎರಡು ಗೇಣು ಬಿಚ್ಚಿ ನೋಡಬೇಕು. ಅಪ್ಪ ನಿಯಮ ಪಾಲಿಸಿದರು. ಮುಚ್ಚದೆ ಬಿಟ್ಟಾಗ ಎರಡು ಬೆರಳು ಹಾಳಾಗುತ್ತಿದ್ದ ರಿಬ್ಬನ್ನು ಮುಚ್ಚಿದ ಮೇಲೆ ಹೂಗಂಟಿನವರೆಗೂ ಹಾಳಾಯಿತು. ಗಿಣಿ ಎಷ್ಟು ಚೆನ್ನಾಗಿ ಕೆಲಸ ಮಾಡಿದರೆ ಅಪ್ಪನಿಗೆ ಅಷ್ಟು ಅನುಮಾನ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ಇಲ್ಲಿ ಎತ್ತಿಗೆ ಎಳೆಯಲು ಕಲಿಸಿದ್ದೇ ಕೋಣ.

ಕೆಳಗಿನ ಮನೆಯ ಟೈಲರಣ್ಣ, ಬಾಯಲ್ಲಿ ಸದಾ ನಾಲ್ಕು ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುವವನು, ಬಣ್ಣವಿಲ್ಲದ ಉಗುರುಬಣ್ಣ ಹಚ್ಚಿ ನೋಡು ಎಂದ. ಮುಚ್ಚಿದ್ದು ಕಾಣಿಸುವುದೇ ಇಲ್ಲ, ಉಗುರಿನ ಕಾಟಕ್ಕೆ ಉಗುರಿನದೇ ಮದ್ದು ಎಂದು ಸೂಜಿಗಳ ಸಂದಿಯಿಂದ ನಕ್ಕ. ಅವಳು ಕಡ್ಡಿಯ ತುದಿಯಿಂದ ಎರಡು ಸೀಸೆ ಹಚ್ಚಿದಳು. ಅಪ್ಪ ಮಲಗುವ ಕೋಣೆಯಿಂದಲೇ ಮೂಸಿ, ಮಾಲಿಗೆ ಸ್ಪಿರಿಟ್ ಹಾಕಿದ್ದಾರೆ, ಇವತ್ತು ಓವರ್‌ಟೈಮ್ ಎಂದು ಎರಡಕ್ಕೆ ಐದು ನಿಮಿಷ ಮೊದಲೇ ಹಾಜರಾದರು.

ಪೆಟ್ಟಿಗೆಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೂ ಆಯಿತು. ಅಪ್ಪ ಬೀರುವಿನ ಮುಂದೆ ಸ್ವಲ್ಪ ಹೊತ್ತು ಕಾದು, ಇದ್ದಬದ್ದದ್ದರ ತಪಾಸಣೆಗಿಳಿದರು. ಟವೆಲಿನ ಜಾಲರಿ, ಕಾಲೊರಸುವ ಚಾಪೆ, ಕೊನೆಗೆ ತಮ್ಮದೇ ಪಾಯಿಜಾಮದ ಲಾಡಿ. ಲಾಡಿಯನ್ನು ಎಳೆ ಎಳೆಯಾಗಿ ಬಿಡಿಸಿ ಫೇಲು ಮಾಡಿ ಪಕ್ಕಕ್ಕೆಸೆದು ಎದ್ದು ನಿಂತಾಗ ಪಾಯಿಜಾಮವೂ ಫೇಲಾಯಿತು. ಗಿಣಿಗೆ ನಗು ತಡೆಯಲಾಗಲಿಲ್ಲ. ಅಪ್ಪ ನಗಲಿಲ್ಲ. ಒಂದು ಕೈಯಲ್ಲಿ ಪಾಯಿಜಾಮ ಹಿಡಿದುಕೊಂಡೇ, ಮಾಲು ಯಾವಾಗ ಬರುತ್ತೆ ಸ್ಟೋರಿನಮ್ಮ ಎಂದರು.

ಮರುದಿನ ಪೆಟ್ಟಿಗೆಗಳನ್ನೆಲ್ಲ ಟೈಲರಣ್ಣನ ಅಂಗಡಿಗೆ ಸಾಗಿಸಿದಳು. ಎರಡು ಹೊಡೆಯಿತು. ಅಪ್ಪ ಬೋಳು ಮೇಜನ್ನು ನೋಡಿ, ಕಾರ್ಖಾನೆ ಇದಲ್ಲ ಎಂದು ತೀರ್ಮಾನಿಸಿ, ಅವಳು ಪಾತ್ರೆ ತೊಳೆಯುತ್ತಿದ್ದಾಗ ಬಾಗಿಲು ತೆಗೆದು ಹೋದರು. ಟೈಲರಣ್ಣ ನಾಲ್ಕು ರಸ್ತೆ ಕೂಡುವಲ್ಲಿ, ಬಸ್ಸುಗಳ ನಡುವೆ, ಕಿವಿಯ ಮೇಲೆ ಪೆನ್ಸಿಲ್ ಸಮೇತ ಅವರನ್ನು ಹಿಡಿದು ತಂದ. ಅದರ ಮರುದಿನ ಬಾಗಿಲಿಗೆ ಬೀಗ. ಎರಡರಿಂದ ನಾಲ್ಕರವರೆಗೆ ಅಪ್ಪ ಬಾಗಿಲ ಬಳಿ ನಿಂತು ಮೆಲ್ಲಗೆ ಬಡಿಯುತ್ತಲೇ ಇದ್ದರು. ಜೋರಾಗಿ ಬಡಿದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳೇನೋ. “ವಾಚ್‌ಮನ್, ಸ್ವಲ್ಪ ತೆಗಿಯಪ್ಪ. ನಾನು ಹದಿನೇಳು,” ಎಂದು ನೂರು ಸಲ ಕೇಳಿದ್ದು ಅವಳಿಂದಾಗಲಿಲ್ಲ. ಪೆಟ್ಟಿಗೆಗಳು ಮೇಜಿಗೆ ವಾಪಸಾದವು.

ಹಾಗಾದರೆ ಬೇರೆ ತುಂಡು ಕೊಡು ಎಂದು ಅಕ್ಕ ಫೋನಿನಲ್ಲಿ ಸುಲಭವಾಗಿ ಹೇಳಿದಳು. ಹಾಳಾದ ರಿಬ್ಬನ್ನುಗಳನ್ನೆಲ್ಲ ಕೂಡಿಸಿ ಮುಂದಿಟ್ಟರೆ ಅಪ್ಪ ನಗುತ್ತಾ ದೂರ ಸರಿಸಿದರು; ಇವು ನಿನ್ನೆ ನಾನೇ ರಿಜೆಕ್ಟ್ ಮಾಡಿದವು, ನನ್ನನ್ನೇ ಪರೀಕ್ಷೆ ಮಾಡುತ್ತೀರಾ ಎಂದರು. ಒಂದು ಮಧ್ಯಾಹ್ನ ಗಿಣಿ ತಾಳ್ಮೆ ಕಳೆದುಕೊಂಡು ಅವರ ಮಣಿಕಟ್ಟು ಹಿಡಿದಳು. ಕೈಗೆ ಸಿಕ್ಕಿದ್ದು ಬರೀ ಎಲುಬು. ಅಪ್ಪ ಬಿಡಿಸಿಕೊಳ್ಳಲಿಲ್ಲ. ಕೆಲಸದ ನಡುವೆ ಯಾಕೆ ತಡೆದರೋ ಎಂಬಂತೆ ಅವಳನ್ನೇ ನೋಡುತ್ತಾ ಕಾದರು. ಅವಳೇ ಬಿಟ್ಟಳು.

ಎರಡು ವಾರ ಕಳೆದಿತ್ತು. ಅವಳು ಕಟ್ಟಿದ್ದು ನಾನೂರಕ್ಕೂ ಹೆಚ್ಚು, ಕೆಡದೆ ಉಳಿದದ್ದು ತೊಂಬತ್ತು, ಅದೂ ಬೆಳಗಿನ ಹೊತ್ತು ಕಟ್ಟಿ ಮಧ್ಯಾಹ್ನಕ್ಕೆ ಮಂಚದಡಿ ತಳ್ಳಿದ್ದು. ಮಂಚದಡಿಯ ಜಾಗ ತುಂಬಿತ್ತು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ ಇದು ಎಂದು ಲೆಕ್ಕ ಹಾಕುತ್ತಾ ಅಡುಗೆಮನೆಯಲ್ಲಿ ಕೂತಿದ್ದಾಗ, ಅಪ್ಪ ಕುರ್ಚಿ ಎಳೆದ ಸದ್ದಾಯಿತು. ಬಾಗಿಲ ಪರದೆಯ ಹಿಂದಿನಿಂದ, ತನಗೇ ತಿಳಿಯುವ ಮುಂಚೆ, ಗಿಣಿಯ ಮೂಗು ಮಾತಾಡಿತು.

“ವಿಷಯ ಏಡಪ್ಪಾ ಅಂದ್ರೆ, ತುದಿ ಸಾಹೇಬ್ರೆ…”

ಕುರ್ಚಿ ಹಿಂದಕ್ಕೆ ಸರಿಯಿತು. ಪರದೆಯ ಸಂದಿಯಿಂದ ನೋಡಿದರೆ ಅಪ್ಪ ಎದ್ದು ನೆಟ್ಟಗೆ ನಿಂತಿದ್ದರು. ಮೂವತ್ತು ವರ್ಷ ಹಳೆಯ ಆ ಶೀತ ಅವರಿಗೆ ಚೆನ್ನಾಗಿ ನೆನಪಿತ್ತು. ಈ ಮಾಲೆಲ್ಲ ತಪಾಸಣೆಯಾಗಿದೆ, ಮತ್ತೆ ಬಿಚ್ಚುವ ಅಗತ್ಯವಿಲ್ಲ ಎಂದು ಮೂಗು ಅಪ್ಪಣೆ ಕೊಟ್ಟಿತು. ಅಪ್ಪ ವಿನಯದಿಂದ ಕೇಳಿಸಿಕೊಂಡು, ಪೆಟ್ಟಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿ, “ಪಾಸ್ ಚೀಟಿ ಇಲ್ವಲ್ಲ ಸಾಹೇಬ್ರೆ,” ಎಂದರು.

ಆ ರಾಗಕ್ಕೆ ತಾಳ ಬೀರುವಿನ ಮೇಲಿನ ಬಿಸ್ಕತ್ತಿನ ಡಬ್ಬಿಯಲ್ಲಿತ್ತು. ನಿಂತುಹೋದ ಕೈಗಡಿಯಾರ, ಕಾರ್ಖಾನೆಯ ಗುರುತಿನ ಕಾರ್ಡು, ಅದರಡಿ ಮರದ ಹಿಡಿಯ ರಬ್ಬರ್ ಮುದ್ರೆ. ಟೈಲರಣ್ಣನಿಂದ ನೇರಳೆ ಶಾಯಿ ತಂದಳು. ಮುನ್ನೂರ ಅರವತ್ತು ಚೀಟಿ ಕತ್ತರಿಸಿ ಒಂದೊಂದಕ್ಕೂ ಒತ್ತಿದಳು: ಪಾಸ್, ೧೭. ಮೊದಲನೆಯದನ್ನು ಒತ್ತುವಾಗ ಕೈ ತಡೆಯಿತು. ಅಪ್ಪ ಈ ಮುದ್ರೆಯನ್ನು ಸ್ನಾನಕ್ಕೆ ಹೋಗುವಾಗಲೂ ಅಮ್ಮನ ಕೈಗೆ ಕೊಟ್ಟವರಲ್ಲ. ಹತ್ತನೆಯದರ ಹೊತ್ತಿಗೆ ಕೈಗೆ ಓಟ ಸಿಕ್ಕಿತು. ಸಾಗಿಸುವ ದಿನ ಕಿತ್ತುಹಾಕಿದರಾಯಿತು, ಸೋಪಮ್ಮನಿಗೆ ಯಾಕೆ ಗೊತ್ತಾಗಬೇಕು.

ಪಾಳಿಯ ಹೊತ್ತಿಗೆ ಪ್ರತಿ ಹೂಗಂಟಿನಡಿ ಒಂದು ಚೀಟಿ. ಅಪ್ಪ ಕೂತರು, ಮುದ್ರೆ ನೋಡಿದರು, ತಲೆಯಾಡಿಸಿದರು, ಪೆಟ್ಟಿಗೆಯನ್ನು ಎಡದಿಂದ ಬಲಕ್ಕೆ ಸರಿಸಿದರು. ಎಲ್ಲ ಬಲಕ್ಕೆ ಹೋದ ಮೇಲೆ ಬಲದಿಂದ ಎಡಕ್ಕೆ. ಒಂದು ಎಳೆಯನ್ನೂ ಮುಟ್ಟಲಿಲ್ಲ. ಗಿಣಿ ಅಡುಗೆಮನೆಯ ನೆಲದ ಮೇಲೆ ಕೂತು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಅಕ್ಕನಿಗೆ ಫೋನು ಮಾಡಿ ಅಕ್ಕನದೇ ದನಿಯಲ್ಲಿ, ತೋಟ ನೀನೇ ಇಟ್ಕೊಳ್ಳೇ ಎಂದಳು. ಆರು ದಿನ ಹೀಗೇ ನಡೆಯಿತು. ಬೆಂಕಿ, ಅಂಟು, ಹೂಗಂಟು. ತುದಿಗಳೆಲ್ಲ ಕನ್ನಡಿಯ ಅಂಚಿನಂತೆ ನಿಂತವು.

ಶನಿವಾರ ಬೆಳಗ್ಗೆ ಗಾಡಿ ಬರಬೇಕಿತ್ತು. ಶುಕ್ರವಾರ ಮಧ್ಯಾಹ್ನ ಮೂರರ ಸುಮಾರಿಗೆ ಅಪ್ಪನ ಕೈ ಒಂದು ಪೆಟ್ಟಿಗೆಯ ಮೇಲೆ ನಿಂತಿತು.

ಚೀಟಿಯನ್ನು ಎಳೆದು ಬೆಳಕಿಗೆ ಹಿಡಿದರು. ರಿಬ್ಬನ್ನಿನ ತುದಿಯನ್ನು ಮುಟ್ಟಿದರು, ಗಟ್ಟಿ ಗೆರೆಯ ಮೇಲೆ ಹೆಬ್ಬೆರಳು ಆಡಿಸಿದರು. ಪಕ್ಕದ ಪೆಟ್ಟಿಗೆ. ಅದರ ಪಕ್ಕದ್ದು. ಹತ್ತು, ಇಪ್ಪತ್ತು, ಬರಬರುತ್ತಾ ಬೇಗ ಬೇಗ. ಗಿಣಿ ಅಂಟಿನ ಬಟ್ಟಲು ಹಿಡಿದು ಬಾಗಿಲಲ್ಲೇ ನಿಂತಳು.

“ಸ್ಟೋರಿನಮ್ಮ, ಈ ಮುದ್ರೆ ನಂದೇ ಅಲ್ವಾ?”

“ಹೌದು,” ಎಂದುಬಿಟ್ಟಳು.

“ಇದ್ಯಾವುದನ್ನೂ ನಾನು ಬಿಚ್ಚಿಲ್ಲ.”

ಅವಳು ಬಟ್ಟಲನ್ನು ಕೆಳಗಿಟ್ಟು ಓಡಿಬಂದು, ಮುದ್ರೆ ಒತ್ತಿದ್ದು ನಾನು ಅಪ್ಪ, ನಾನೇ ಎಂದಳು. ಅಪ್ಪ ಅವಳನ್ನು ಬಹಳ ಕನಿಕರದಿಂದ ನೋಡಿದರು. ಮುದ್ರೆ ನನ್ನ ಜೇಬು ಬಿಟ್ಟು ಹೋಗುವುದೇ ಇಲ್ಲ, ನೀವು ಒಳ್ಳೆಯವರು, ನನ್ನನ್ನು ಉಳಿಸಲು ಸುಳ್ಳು ಹೇಳಬೇಡಿ ಎಂದರು. ಆಮೇಲೆ ತಮ್ಮ ಎರಡೂ ಅಂಗೈಗಳನ್ನು ಮಗುಚಿ ನೋಡಿಕೊಂಡರು. ಬಿಚ್ಚದೆ ಎಷ್ಟಕ್ಕೆ ಒತ್ತಿದ್ದೇನೆ, ಎಷ್ಟು ಹೊರಗೆ ಹೋಗಿದೆ, ಅದರ ಮೇಲೆ ಈಗ ಎಷ್ಟು ಜನ ಇದ್ದಾರೆ ಎಂದು ಒಂದರ ಹಿಂದೊಂದು ಕೇಳಿದರು.

“ಯಾರೂ ನೇತಾಡ್ತಿಲ್ಲ ಅಪ್ಪ. ಇದು ಹಗ್ಗ ಅಲ್ಲ, ರಿಬ್ಬನ್. ನೋಡಿ, ಒಳಗಿರೋದು ಸೋಪು.”

ಪೆಟ್ಟಿಗೆಯ ಮುಚ್ಚಳ ತೆಗೆದು ತೋರಿಸಿದಳು. ಅಪ್ಪ ಸೋಪನ್ನು ನೋಡಿದರು, ಮೂಸಿದರು, ಮುಚ್ಚಳ ಹಾಕಿದರು.

“ತಾನು ಯಾವ ಕೆಲಸಕ್ಕೆ ಹೋಗ್ತೀನಿ ಅಂತ ಹಗ್ಗಕ್ಕೆ ಗೊತ್ತಿರುತ್ತಾ ಅಮ್ಮಾ? ಮ್ಯಾನೇಜರ್ನ ಕರೀರಿ.”

ಕರೆಯುವುದಿಲ್ಲ ಎಂದರೆ ಅವರೇ ಹುಡುಕಿಕೊಂಡು ಬೀದಿಗಿಳಿಯುತ್ತಿದ್ದರು. ಗಿಣಿ ಪರದೆಯ ಹಿಂದೆ ಹೋಗಿ, ಗ್ಯಾಸ್ ಒಲೆಗೆ ಬೆನ್ನು ಕೊಟ್ಟು ನಿಂತಳು. ಜೀವಮಾನವಿಡೀ ಎಲ್ಲರ ದನಿಯೂ ಬಾಯಿಗೆ ಬರುತ್ತಿದ್ದವಳಿಗೆ ಆಗ ಒಂದೂ ಬರಲಿಲ್ಲ. ಮೂಗು ಹಿಡಿದು, ಉಸಿರೆಳೆದು, ಹೇಗೋ ಹೊರಡಿಸಿದಳು. ವಿಷಯ ಏನಪ್ಪಾ ಅಂದರೆ, ಏನೂ ಆಗಿಲ್ಲ, ಮಾಲು ಹೊರಗೆ ಹೋಗಿಲ್ಲ, ಎಲ್ಲ ಇಲ್ಲೇ ಇದೆ. ಅಪ್ಪ ಪರದೆಯ ಆಚೆ ಕೈಕಟ್ಟಿ ನಿಂತು, ಈ ಸಲ ಹೋಗಿಲ್ಲ ಸಾಹೇಬ್ರೆ, ಹೋದ ಸಲದ್ದು ಯಾರಿಗೆ ಗೊತ್ತು ಎಂದರು. ಕೈ ಮರೆಯಿತೋ ತಲೆ ಮರೆಯಿತೋ, ಮರೆತ ಮೇಲೆ ಮುಗಿಯಿತು. ನನ್ನ ಮುದ್ರೆ ನೋಡಿ ಇನ್ನು ಯಾರೂ ಹಗ್ಗ ಹಿಡಿಯಬಾರದು, ನನ್ನನ್ನು ಬಿಟ್ಟುಬಿಡಿ.

“ಆಗಲ್ಲ,” ಎಂದಿತು ಮೂಗು. “ನೀವಿಲ್ದೆ ಇಲ್ಲಿ ಏನೂ ನಡಿಯಲ್ಲ, ಸಾಹೇಬ್ರೆ. ಮುದ್ರೆ ಹಾಕಿಸಿದ್ದು ನಾನು. ತಪ್ಪು ನಂದು.”

ಗಿಣಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು, ಆದರೂ ಸದ್ದು ಹೊರಬರುತ್ತಿತ್ತು.

“ನಿಮಗೆ ಶೀತ ಜಾಸ್ತಿಯಾಗಿದೆ ಸಾಹೇಬ್ರೆ,” ಎಂದರು ಅಪ್ಪ. “ಮನೆಗೆ ಹೋಗಿ ಮಲಗಿ.”

ಅವಳು ಪರದೆ ಸರಿಸಿ ಬಂದಾಗ ಅಪ್ಪ ಮೇಜಿನ ಬಳಿ ಇರಲಿಲ್ಲ. ಪೆನ್ಸಿಲನ್ನು ಮೇಜಿನ ನಡುವೆ ಇಟ್ಟು, ಕುರ್ಚಿಯನ್ನು ಒಳಗೆ ತಳ್ಳಿ, ಹನ್ನೊಂದು ಹೆಜ್ಜೆ ವಾಪಸು ನಡೆದು ಮಂಚದ ಮೇಲೆ ಕೂತಿದ್ದರು. ನಾಲ್ಕರ ಗಂಟೆಗೆ ಇನ್ನೂ ಅರ್ಧ ತಾಸಿತ್ತು. ಪಾಳಿ ಮುಗಿಯುವ ಮುಂಚೆ ಅವರು ಎದ್ದದ್ದು ಅದೇ ಮೊದಲು.

ಶನಿವಾರ ಗಾಡಿ ಬಂತು. ಗಿಣಿ ಮುನ್ನೂರ ಅರವತ್ತು ಪಾಸ್ ಚೀಟಿ ಕಿತ್ತು, ಮುನ್ನೂರ ಅರವತ್ತು ಪೆಟ್ಟಿಗೆ ಕಳಿಸಿದಳು. ಸಂಜೆಗೆ ಸೋಪಮ್ಮ ಫೋನು ಮಾಡಿ, ಭೂತಗನ್ನಡಿ ಹಿಡಿದು ನೋಡಿದರೂ ಒಂದು ಎಳೆಯೂ ಸಿಗಲಿಲ್ಲ, ಇಂಥ ತುದಿ ನಾನು ನೋಡೇ ಇಲ್ಲ ಎಂದು ಹೊಗಳಿ, ವರ್ಷದ ಕೆಲಸ ಖಾಯಂ ಮಾಡಿದಳು. ಅಕ್ಕನೂ ಸೋಲೊಪ್ಪಿದಳು. ಸರಿ ಬಿಡೇ, ಅಪ್ಪ ಅಲ್ಲೇ ಇರಲಿ, ನಿನ್ನ ಹಟವೇ ಗೆಲ್ತು ಎಂದಳು. ಗೆದ್ದವಳು ಫೋನು ಹಿಡಿದು ಹೂಂ ಎಂದಳು.

ಸೋಮವಾರ ಎರಡು ಹೊಡೆಯಿತು. ಅಪ್ಪ ಏಳಲಿಲ್ಲ. ಮಂಗಳವಾರವೂ. ಮಂಚದ ಅಂಚಿನಲ್ಲಿ ಕೂತು, ಎರಡೂ ಅಂಗೈಗಳನ್ನು ಮಂಡಿಯ ಮೇಲೆ ಮಗುಚಿಟ್ಟು, ಬಸ್ಸಿಗೆ ಕಾಯುವವರ ಹಾಗೆ ಗೋಡೆ ನೋಡುತ್ತಿದ್ದರು. ಬೆಳಗಿನ ಸಕ್ಕರೆಯ ತಗಾದೆಯೂ ನಿಂತಿತು, ಕೊಟ್ಟದ್ದು ಕುಡಿದರು. ಹೊದಿಕೆಯ ಜಾಲರಿ ಕೈಯ ಪಕ್ಕದಲ್ಲೇ ಇತ್ತು. ಹೊಸ ಲಾಡಿಯ ತುದಿ ತಾನಾಗಿಯೇ ಎಳೆ ಬಿಡತೊಡಗಿತ್ತು. ಅಪ್ಪ ಅದರತ್ತ ಕಣ್ಣು ಹಾಯಿಸಲಿಲ್ಲ.

ಬುಧವಾರ ಗಿಣಿ ಬೇಕೆಂದೇ ರಿಬ್ಬನ್ನಿನ ತುದಿಗಳನ್ನು ಸುಡದೆ, ಅಂಟು ಹಾಕದೆ, ನೇರ ಕತ್ತರಿಸಿ ಮೇಜಿನ ತುಂಬ ಹರಡಿದಳು. ಮೂರಾದರೂ ಯಾರೂ ಬರಲಿಲ್ಲ. ಟೈಲರಣ್ಣನನ್ನು ಕೇಳಿ ಒಂದು ಮೊಳ ನಿಜವಾದ ಹಗ್ಗ, ಮೂರು ಹುರಿಯದ್ದು, ತಂದು ಅಪ್ಪನ ಅಂಗೈಯಲ್ಲಿಟ್ಟಳು. ಅಪ್ಪ ಅದನ್ನು ಮರ್ಯಾದೆಯಿಂದ ಅವಳ ಕೈಗೇ ಹಿಂದಿರುಗಿಸಿದರು. ನಾನೀಗ ಆ ಕೆಲಸದಲ್ಲಿಲ್ಲ ಅಮ್ಮಾ, ಬೇರೆ ಯಾರನ್ನಾದರೂ ಕೇಳಿ ಎಂದರು.

ಅವಳು ಅವರ ಕಾಲ ಬಳಿ ನೆಲದ ಮೇಲೆ ಕೂತಳು. ಹಗ್ಗದ ತುದಿಯನ್ನು ಒಂದು ಗೇಣು ಬಿಚ್ಚಿದಳು. ಹುರಿಗಳನ್ನು ಬೇರೆ ಮಾಡಿ, ಮೊದಲನೆಯದರ ಎಳೆಗಳನ್ನು ಅವರಿಗೆ ಕೇಳುವಂತೆ ಎಣಿಸತೊಡಗಿದಳು. ಇದ್ದದ್ದು ಹದಿನಾಲ್ಕು. ಅವಳು ಏಳಾದ ಮೇಲೆ ಒಂಬತ್ತು ಅಂದಳು. ಎಂಟನ್ನು ನುಂಗಿದ್ದು ಅವರ ಕಿವಿಗೆ ಬೀಳಲೆಂದು ಸ್ವಲ್ಪ ತಡೆದು, ಮತ್ತೆ ಎಣಿಸಿ, ಹದಿನೈದಕ್ಕೆ ನಿಲ್ಲಿಸಿದಳು.

“ಹದಿನೈದು,” ಎಂದಳು. “ಹದಿನೈದು ಇದೆ ಸಾಹೇಬ್ರೆ. ಒಂದ್ಸಲ ನೋಡ್ತೀರಾ?”

ಪಕ್ಕದ ಶಾಲೆಯಲ್ಲಿ ಮಕ್ಕಳು ಒಕ್ಕೊರಲಿನಲ್ಲಿ ಏನನ್ನೋ ಒಪ್ಪಿಸುತ್ತಿದ್ದರು. ಅಪ್ಪ ಹಗ್ಗವನ್ನು ನೋಡಲಿಲ್ಲ. ಅವಳ ತಲೆಯ ಮೇಲೆ ಕೈಯಿಟ್ಟು, ಯಾರನ್ನೋ ಸಮಾಧಾನಪಡಿಸುವ ದನಿಯಲ್ಲಿ ಹೇಳಿದರು.

“ಸರಿ ಇರುತ್ತೆ ಬಿಡಿ.”